ಕುರಿಗಳ ಕರುಳುಬೇನೆಯೂ ಅದರ ಲಸಿಕೆಯೂ

ಉಜ್ಜಿನಿ, ಕೊಟ್ಟೂರು, ಕೂಡ್ಲಿಗಿ ಸೀಮೆಯಲ್ಲಿ ಅನೇಕ ಬಡ ಮನೆಗಳಿಗೆ ಕುರಿಯೇ ಕೂಡಿಟ್ಟ ಗಂಟು. ಮಗಳ ಮದುವೆಗೂ ಮಗನ ಓದಿಗೂ ರೊಪ್ಪದಿಂದಲೇ ಹಣ ಹುಟ್ಟಬೇಕು. ಇಂಥ ರೊಪ್ಪದಲ್ಲಿ ಸಾಯಂಕಾಲ ಹೊಟ್ಟೆ ತುಂಬ ಮೇದು ಬಂದ ಮರಿಯು ಬೆಳಗಾಗುವಷ್ಟರಲ್ಲಿ ಸತ್ತು ಬಿದ್ದಿರುವದುಂಟು. ಸೊರಗಿದ ಮರಿಯು ಉಳಿದು, ಕೊಬ್ಬಿದ್ದೇ ಸಾಯುವದರಿಂದ, ಕೆಲವರು ಇದನ್ನು ಕೆಟ್ಟ ಕಣ್ಣಿನ ದೃಷ್ಟಿಯೆಂದು ಭಾವಿಸಿ ನೆರೆಯವರೊಂದಿಗೆ ಮಾತು ಬಿಡುತ್ತಾರೆ. ಆದರೆ ಕಾರಣವು ನೆರೆಯವರ ಕಣ್ಣಿನಲ್ಲಿಲ್ಲ; ಮರಿಯ ಕರುಳಿನಲ್ಲಿಯೇ ಇದೆ.

1. ರೋಗದ ಹುಟ್ಟು

ಕ್ಲಾಸ್ಟ್ರಿಡಿಯಮ್ ಪರ್ಫ್ರಿಂಜೆನ್ಸ್ ಎಂಬ ಸೂಕ್ಷ್ಮಕ್ರಿಮಿಯು ಮಣ್ಣಿನಲ್ಲಿಯೂ ಆರೋಗ್ಯವುಳ್ಳ ಕುರಿಯ ಕರುಳಿನಲ್ಲಿಯೂ ಸ್ವಲ್ಪವಾಗಿ ಇರುವದು. ಮೊದಲ ಮಳೆಯ ಎಳೆ ಹುಲ್ಲನ್ನಾಗಲಿ, ಕೊಯ್ದ ಹೊಲದಲ್ಲಿ ಉದುರಿದ ಮೆಕ್ಕೆಜೋಳವನ್ನಾಗಲಿ ಕುರಿಯು ಒಮ್ಮೆಲೆ ಅತಿಯಾಗಿ ತಿಂದರೆ, ಜೀರ್ಣವಾಗದ ಹಿಟ್ಟಿನಂಶವು ಕರುಳಿಗೆ ಇಳಿದು ಕ್ರಿಮಿಗೆ ಆಹಾರವಾಗುತ್ತದೆ. ಆಗ ಕ್ರಿಮಿಯು ಬಹಳವಾಗಿ ಹೆಚ್ಚಿ ವಿಷವನ್ನು ಬಿಡುವದು. ಆ ವಿಷವು ರಕ್ತದಲ್ಲಿ ಕೂಡಿ ಮಿದುಳನ್ನೂ ಮೂತ್ರಪಿಂಡವನ್ನೂ ಕೆಡಿಸುವದು. ಮರಿಯು ತಲೆಯನ್ನು ಹಿಂದಕ್ಕೆ ಸೆಳೆದು, ಕಾಲು ಬಡಿದು, ಕೆಲವು ತಾಸುಗಳಲ್ಲೇ ಸಾಯುವದು. ಚೆನ್ನಾಗಿ ತಿನ್ನುವ ಮರಿಗೇ ಈ ಅಪಾಯವು ಹೆಚ್ಚು.

2. ಲಸಿಕೆಯ ಕೆಲಸ

ರೋಗವು ತೋರಿದ ಮೇಲೆ ಮದ್ದಿಗೆ ಸಮಯವಿರುವದು ಅಪರೂಪ; ಆದಕಾರಣ ಮುಂಚೆಯೇ ಕಾಯಬೇಕು. ಅದೇ ಕ್ರಿಮಿಯ ವಿಷದ ಶಕ್ತಿಯನ್ನು ಫಾರ್ಮಲಿನ್‌ನಿಂದ ಕುಂದಿಸಿ ಲಸಿಕೆಯನ್ನು ಮಾಡುತ್ತಾರೆ. ಅದನ್ನು ಚರ್ಮದ ಕೆಳಗೆ ಹಾಕಿದರೆ ಕುರಿಯ ದೇಹವು ಆ ವಿಷವನ್ನು ಎದುರಿಸಲು ಕಲಿಯುವದು.

ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆಯಲ್ಲಿ ಈ ಲಸಿಕೆಯು ತಯಾರಾಗುತ್ತದೆ. ಆ ಸಂಸ್ಥೆಯು 1925ರಲ್ಲಿ ಮೈಸೂರು ಸೀರಮ್ ಸಂಸ್ಥೆಯೆಂಬ ಹೆಸರಿನಿಂದ, ದನಗಳ ದೊಡ್ಡರೋಗಕ್ಕೆ ಮದ್ದು ಮಾಡಲು ಆರಂಭವಾಯಿತು. ಲಸಿಕೆಯ ಬಲದಿಂದ ದೊಡ್ಡರೋಗವು ಲೋಕದಿಂದಲೇ ಅಳಿಯಿತೆಂದು 2011ರಲ್ಲಿ ಸಾರಲಾಯಿತು. ಕರುಳುಬೇನೆಯನ್ನು ಹಾಗೆ ಅಳಿಸಲಾಗದು. ಯಾಕಂದರೆ ಅದರ ಕ್ರಿಮಿಯು ಮಣ್ಣಿನಲ್ಲಿಯೂ ಕರುಳಿನಲ್ಲಿಯೂ ವಾಸಿಸುವದು. ನೆರೆಯವರ ಹಿಂಡಿಗೆ ಲಸಿಕೆಯಾದರೆ ನಮ್ಮ ಹಿಂಡು ಉಳಿಯದು. ಪ್ರತಿಯೊಂದು ಕುರಿಗೂ ಹಾಕಿಸಬೇಕು.

3. ಹಾಕಿಸುವ ಕ್ರಮ

ಮಳೆಗಾಲಕ್ಕೆ ಮುಂಚೆ, ಮೇ ತಿಂಗಳಲ್ಲಿ ಹಾಕಿಸುವದು ಒಳ್ಳೇದು. ಮೊದಲನೆಯ ಸಾರಿ ಹಾಕಿಸಿದಾಗ 2–3 ವಾರಗಳ ಮೇಲೆ ಇನ್ನೊಮ್ಮೆ ಹಾಕಿಸಬೇಕು. ಇಲ್ಲವಾದರೆ ಬಲ ಸಾಲದು. ಬಳಿಕ ವರುಷಕ್ಕೊಮ್ಮೆ. ಗಬ್ಬದ ಕುರಿಗೆ ಈಯುವದಕ್ಕೆ ಕೆಲವು ವಾರ ಮುಂಚೆ ಹಾಕಿಸಿದರೆ, ಗಿಣ್ಣುಹಾಲಿನ ಮೂಲಕ ಮರಿಗೂ ರಕ್ಷಣೆ ದೊರೆಯುವದು. ಲಸಿಕೆಯ ಸೀಸೆಯನ್ನು ಬಿಸಿಲಿನಲ್ಲಿ ಇಡಬಾರದು. ಲಸಿಕೆಯಾಯಿತೆಂದು ಮೇವಿನ ಎಚ್ಚರವನ್ನು ಬಿಡಬಾರದು. ಒಣಮೇವನ್ನು ತಿನ್ನಿಸಿ, ಕೊಯ್ದ ಹೊಲಕ್ಕೆ ದಿನದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಬಿಡಿರಿ.

ಫಕ್ಕನೆ ಸತ್ತ ಕುರಿಯನ್ನು ಕೊಯ್ಯಬೇಡಿರಿ, ತಿನ್ನಬೇಡಿರಿ. ಅದು ನೆರಡಿ ರೋಗವಾಗಿದ್ದರೆ ಮನುಷ್ಯರಿಗೂ ತಗಲುವದು. ಮೊದಲು ಪಶುವೈದ್ಯರಿಗೆ ತಿಳಿಸಿರಿ.

ಪ್ರಶ್ನೆಗಳು

1. ಕೊಬ್ಬಿದ ಮರಿಯೇ ಮೊದಲು ಸಾಯುವದೇಕೆ?
2. ನೆರೆಯವರ ಹಿಂಡಿನ ಲಸಿಕೆಯು ನಮ್ಮ ಹಿಂಡನ್ನು ಕಾಯದೇಕೆ?
3. ಕುರಿ ಸತ್ತದ್ದಕ್ಕಾಗಿ ನೆರೆಯವರಲ್ಲಿ ಯಾರೊಂದಿಗಾದರೂ ಮಾತು ಬಿಟ್ಟಿದ್ದೇವೋ? ಬಿಟ್ಟಿದ್ದರೆ ಈ ವಾರ ಮಾಡತಕ್ಕದ್ದೇನು?