ತೋಟದ ಕಂಪನಿಯಲ್ಲಿ ಉಳಿದ ಹಣ

ಸದಸ್ಯ ಬಾಂಧವರಲ್ಲಿ ಕೆಲವರು ಕಾಫಿ ತೋಟವನ್ನು ಮನೆಮಂದಿಯ ಪ್ರೈವೇಟ್ ಲಿಮಿಟೆಡ್ ಕಂಪನಿಯಾಗಿ ನಡೆಸುತ್ತಿದ್ದಾರೆ. ಬೆಲೆ ಬಂದ ವರ್ಷ ಇವರೆಲ್ಲ ನಮ್ಮನ್ನು ಕೇಳುವುದು ಒಂದೇ: "ಕಂಪನಿಯಲ್ಲಿ ಹಣ ಉಳಿದಿದೆ, ತೆರಿಗೆಗೆ ಹೆಚ್ಚು ಹೋಗದಂತೆ ಏನು ಮಾಡೋಣ?" ಇಲ್ಲಿ ಕೇಂದ್ರದ ಆದಾಯ ತೆರಿಗೆಯ ಮಾತನ್ನಷ್ಟೇ ಹೇಳುತ್ತೇವೆ. 2025ರ ಹೊಸ ಕಾಯಿದೆಯಲ್ಲಿ ಕಲಮುಗಳ ಸಂಖ್ಯೆ ಬೇರೆ. ಎಲ್ಲರಿಗೂ ಪರಿಚಿತವಾದ 1961ರ ಕಾಯಿದೆಯ ಸಂಖ್ಯೆಗಳನ್ನೇ ಇಟ್ಟುಕೊಂಡಿದ್ದೇವೆ.

ಬೆಳೆದ ಕಾಫಿಯನ್ನು ಕ್ಯೂರಿಂಗ್ ಮಾಡಿ ಮಾರಿದರೆ, 7ಬಿ ನಿಯಮದಂತೆ ಲಾಭದ ಶೇಕಡಾ 25 ಮಾತ್ರ ತೆರಿಗೆಗೆ ಒಳಪಡುತ್ತದೆ. ಉಳಿದದ್ದು ಕೃಷಿ ಆದಾಯ. ಆದರೆ ಈ ರಿಯಾಯಿತಿ ಕಂಪನಿಯ ಬಾಗಿಲಿಗೇ ನಿಲ್ಲುತ್ತದೆ. ಚಹಾ ಕಂಪನಿಯ ಲಾಭಾಂಶ ಷೇರುದಾರನ ಕೈಯಲ್ಲಿ ಕೃಷಿ ಆದಾಯವಲ್ಲವೆಂದು ಸುಪ್ರೀಂ ಕೋರ್ಟು 1955ರಲ್ಲೇ ಬಚಾ ಗುಜ್ದಾರ್ ಮೊಕದ್ದಮೆಯಲ್ಲಿ ತೀರ್ಮಾನಿಸಿತು. 2020ರಿಂದ ಲಾಭಾಂಶದ ತೆರಿಗೆ ಷೇರುದಾರರ ತಲೆಗೇ ಬಂದಿದೆ. ಅಡಕೆ ತೋಟಕ್ಕೆ ಕಂಪನಿ ಮಾಡಿಕೊಂಡವರಿಗೂ ಈ ಮಾತು ಸಲ್ಲುತ್ತದೆ.

ಸಾಲವೆಂದು ತೆಗೆದುಕೊಂಡರಾಯಿತಲ್ಲ ಎನ್ನುವವರು 2(22)(ಇ) ಕಲಮನ್ನು ಓದಬೇಕು. ಶೇಕಡಾ 10ರಷ್ಟು ಮತಾಧಿಕಾರವುಳ್ಳ ಷೇರುದಾರನಿಗೆ ಇಂಥ ಕಂಪನಿ ಸಾಲ ಕೊಟ್ಟರೆ, ಕೂಡಿಟ್ಟ ಲಾಭದ ಮಟ್ಟಿಗೆ ಅದು ಲಾಭಾಂಶವೆಂದೇ ಲೆಕ್ಕ. ಆಮೇಲೆ ಹಿಂದಿರುಗಿಸಿದರೂ ಬಿಡುಗಡೆಯಿಲ್ಲ.

1994ರಲ್ಲಿ ಬ್ರೆಜಿಲ್‌ನಲ್ಲಿ ಹಿಮ ಬಿದ್ದು ಬೆಲೆ ಏರಿದಾಗ ನಮ್ಮ ಮನೆಯಲ್ಲೂ ಹಣ ಕಂಡಿತ್ತು. ಮಹಡಿ ಎದ್ದಿತು, ಹೊಸ ಜೀಪು ಬಂತು. ಮುದಿಗಿಡಗಳು ಮಾತ್ರ ಹಾಗೆಯೇ ಉಳಿದವು. 2001ರಲ್ಲಿ ಬೆಲೆ ನೆಲ ಕಚ್ಚಿದಾಗ ಕಳೆ ತೆಗೆಸುವ ಕೂಲಿಗೂ ಸೊಸೈಟಿಯ ಸಾಲವೇ ಗತಿಯಾಯಿತು. ಈ ಲೇಖನ ಬರೆಯಲು ಅದೇ ಪ್ರೇರಣೆ.

ಮರುನಾಟಿಯ ಹಣ ಕೂಡಿಡಲು 33ಎಬಿ ಕಲಂ ಇದೆ. ಕಾಫಿಗೆ ಇದು ಅನ್ವಯವಾದದ್ದು 2003ರ ತಿದ್ದುಪಡಿಯಿಂದ. ನಬಾರ್ಡಿನ ವಿಶೇಷ ಖಾತೆಯಲ್ಲಿಯೋ ಕಾಫಿ ಮಂಡಳಿಯ ಮಂಜೂರಾದ ಯೋಜನೆಯ ಠೇವಣಿಯಲ್ಲಿಯೋ ಹಣ ಇಟ್ಟರೆ, ಲಾಭದ ಶೇಕಡಾ 40ರವರೆಗೆ ವಜಾ ಸಿಗುತ್ತದೆ. ಲಾಭ 25 ಲಕ್ಷವೆನ್ನಿ. ಹಣ ಇಡದಿದ್ದರೆ ತೆರಿಗೆಗೆ ಸಿಗುವುದು 6.25 ಲಕ್ಷ, ಶೇಕಡಾ 25ರ ದರಕ್ಕೆ ಸೆಸ್ ಸೇರಿ 1,62,500 ರೂಪಾಯಿ. 10 ಲಕ್ಷ ಇಟ್ಟರೆ ಉಳಿದ 15 ಲಕ್ಷದ ಕಾಲುಭಾಗ 3.75 ಲಕ್ಷ; ತೆರಿಗೆ 97,500. ಉಳಿತಾಯ 65,000.

ಇಷ್ಟೇಯೇ ಎಂದು ಮೂಗು ಮುರಿಯಬೇಡಿ. ಆದರೆ ಇದು ಮಾಫಿಯೂ ಅಲ್ಲ. ಆ ಹಣದಿಂದ ಗಿಡ ನೆಟ್ಟಾಗ ಅದೇ ಖರ್ಚಿಗೆ ಮತ್ತೆ ವಜಾ ಸಿಗದು. ತೆಗೆದ ಹಣವನ್ನು ಅದೇ ವರ್ಷ ಯೋಜನೆಯ ಕೆಲಸಕ್ಕೇ ಬಳಸಬೇಕು. ಮಿಕ್ಕದ್ದು ಲಾಭವೆಂದು ತೆರಿಗೆಗೆ ಬರುತ್ತದೆ. ಅದರಲ್ಲಿ ಕೊಂಡ ಆಸ್ತಿಯನ್ನು 8 ವರ್ಷದೊಳಗೆ ಮಾರಿದರೂ ಹಾಗೆಯೇ. ಈ ವರ್ಷವೇ ಸತ್ತ ಗಿಡ ಕಿತ್ತು ನೆಡುವವರಿಗೆ ಖಾತೆಯೇ ಬೇಡ. ಆ ಖರ್ಚನ್ನು 7ಬಿ ನಿಯಮವೇ ಲಾಭದಲ್ಲಿ ಕಳೆಯಲು ಬಿಡುತ್ತದೆ. ಎರಡು ಮೂರು ಮಳೆಗಾಲ ಬಿಟ್ಟು ನೆಡುವವರಿಗೆ ಖಾತೆ ಒಳ್ಳೆಯದು.

ಲೆಕ್ಕಿಗರು ಶೇಕಡಾ 22ರ ದರ ಆರಿಸಿಕೊಳ್ಳಿ ಎನ್ನಬಹುದು. ಅದನ್ನು ಆರಿಸಿದರೆ 33ಎಬಿ ವಜಾ ಇಲ್ಲ, ಒಮ್ಮೆ ಆರಿಸಿದ ಮೇಲೆ ಹಿಂದೆ ಸರಿಯುವಂತೆಯೂ ಇಲ್ಲ. ಮೇಲಿನ ಲೆಕ್ಕದಲ್ಲಿ ಆ ದರದಿಂದ ಉಳಿಯುವುದು ಸರ್ಚಾರ್ಜು, ಸೆಸ್ ಎಲ್ಲ ಕಳೆದು 5,200 ರೂಪಾಯಿ! ಮರುನಾಟಿಯ ಯೋಚನೆಯೇ ಇಲ್ಲದವರಿಗೆ ಅದು ಸರಿಯಿದ್ದೀತು.

ಮಾರ್ಚಿ 31ಕ್ಕೆ ಲೆಕ್ಕ ಮುಗಿಸುವ ಕಂಪನಿಯವರು ಸೆಪ್ಟೆಂಬರ್ 30ರೊಳಗೆ ಠೇವಣಿ ಕಟ್ಟಬೇಕು, ಲೆಕ್ಕಪರಿಶೋಧಕರ ವರದಿಯನ್ನೂ ಒದಗಿಸಬೇಕು. ಯಾವ ಬ್ಲಾಕಿನಲ್ಲಿ ಎಷ್ಟು ಗಿಡ ಕೀಳಬೇಕೆಂಬ ಪಟ್ಟಿಯನ್ನು ಮಳೆಗೆ ಮುಂಚೆಯೇ ಬರೆದಿಟ್ಟುಕೊಂಡು ಕಚೇರಿಗೆ ಬಂದರೆ, ಕೂತು ಲೆಕ್ಕ ನೋಡೋಣ.