ಬೆರಗು ತಣಿದ ಮೇಲೆ

ಮಚ್ಛೆಯು ಕಾದಂಬರಿಗಳ ಓದಿಗೆ ಪ್ರಶಸ್ತವಾದ ಸ್ಥಳವೆಂದು ಯಾರೂ ಹೊಗಳಿದ್ದನ್ನು ನಾನು ಕೇಳಿಲ್ಲ. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ಹೆದ್ದಾರಿಯ ಮಗ್ಗುಲಲ್ಲಿ ಹಬ್ಬಿರುವ ಈ ಊರಿನಲ್ಲಿ ಒಂದು ಕಡೆ ಫೌಂಡ್ರಿಗಳೂ ಲೇತ್ ಯಂತ್ರಗಳ ಶೆಡ್ಡುಗಳೂ, ಮತ್ತೊಂದು ಕಡೆ 1998ರಲ್ಲಿ ಸ್ಥಾಪಿತವಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ‘ಜ್ಞಾನಸಂಗಮ’ ಆವರಣವೂ ಇದ್ದು, ಇವುಗಳ ನಡುವೆ ಮನೆಯಲ್ಲಿ ಮರಾಠಿಯನ್ನೋ ಕನ್ನಡವನ್ನೋ ಆಡಿ, ಅಂಗಡಿಯಲ್ಲಿ ಎರಡನ್ನೂ ಬೆರೆಸಿ ಆಡುವ ಜನರು ತಮ್ಮ ಪಾಡಿಗೆ ತಾವು ಬಾಳುತ್ತಾರೆ. ಆದರೆ ಮೃಗಶಿರೆಯಲ್ಲಿ ಹಿಡಿದ ಮಳೆಯು ಗಣೇಶ ಚೌತಿಯವರೆಗೂ ಜಿನುಗುತ್ತಲೇ ಇರುವ ಈ ಸೀಮೆಯಲ್ಲಿ, ನೌಕರಿಯಿಂದ ನಿವೃತ್ತನಾದವನಿಗೆ ಪುಸ್ತಕಕ್ಕಿಂತ ಒಳ್ಳೆಯ ಜೊತೆಗಾರನು ದೊರೆಯುವುದು ದುರ್ಲಭವಾದುದರಿಂದ, ಕಳೆದ ಮಳೆಗಾಲವನ್ನು ನಾನು ವೈಜ್ಞಾನಿಕ ಕಾದಂಬರಿಗಳಿಗೂ ಅದ್ಭುತ ಕಥಾನಕಗಳಿಗೂ ಮೀಸಲಾಗಿಟ್ಟೆನು. ಕೆಲವು ಹೊಸದಾಗಿ ಓದಿದವು, ಕೆಲವು ತಾರುಣ್ಯದಲ್ಲಿ ಓದಿದ್ದನ್ನೇ ಮತ್ತೆ ತೆರೆದವು. ಆ ಓದಿನಿಂದ ನನ್ನಲ್ಲಿ ನೆಲೆನಿಂತ ಅಭಿಪ್ರಾಯಗಳನ್ನು ಇಲ್ಲಿ ನಿವೇದಿಸುತ್ತಿದ್ದೇನೆ. ಇವು ವಿಮರ್ಶಕನ ತೀರ್ಮಾನಗಳಲ್ಲ, ಒಬ್ಬ ಓದುಗನ ಇಷ್ಟಾನಿಷ್ಟಗಳು ಮಾತ್ರ.

ನನ್ನ ಆಯುಷ್ಯದ ಬಹುಭಾಗವು ಬೆಳಗಾವಿಯ ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ, ಪ್ಯಾಟರ್ನುಗಳ ವಿಭಾಗದಲ್ಲಿ ಕಳೆಯಿತು. ಕರಗಿದ ಬೀಡುಕಬ್ಬಿಣವು ಮರಳಿನ ಅಚ್ಚಿನೊಳಗೆ ತಣಿಯುವಾಗ ನೂರಕ್ಕೆ ಸುಮಾರು ಒಂದರಷ್ಟು ಕುಗ್ಗುವುದರಿಂದ, ಮರದ ಪ್ಯಾಟರ್ನನ್ನು ಬೇಕಾದ ಅಳತೆಗಿಂತ ಅಷ್ಟೇ ಹಿಗ್ಗಿಸಿ ಕೆತ್ತಬೇಕೆಂಬುದು ನಮ್ಮ ಕಸುಬಿನ ಮೊದಲ ಪಾಠ. ಅದ್ಭುತವನ್ನು ಹೇಳಹೊರಟ ಕಾದಂಬರಿಗೂ ಇದೇ ನಿಯಮವು ಅನ್ವಯಿಸುವುದೆಂದು ಈಚೆಗೆ ನನಗೆ ಮನವರಿಕೆಯಾಗಿದೆ. ಓದುತ್ತಿರುವಾಗ ಎಲ್ಲ ಬೆರಗೂ ಕೆಂಪಗೆ ಕಾದೇ ಇರುತ್ತದೆ. ಪುಸ್ತಕವನ್ನು ಮುಚ್ಚಿಟ್ಟು, ಸಂತೆಗೆ ಹೋಗಿ ಬಂದು, ಎರಡು ರಾತ್ರಿ ನಿದ್ದೆಮಾಡಿ ಎದ್ದಮೇಲೆ ಅದರಲ್ಲಿ ಎಷ್ಟು ಉಳಿದಿದೆಯೆಂದು ನೋಡಿದಾಗಲೇ ಅದರ ನಿಜವಾದ ಅಳತೆಯು ಸಿಕ್ಕುವುದು. ಆದಕಾರಣ ಯಾವ ಕಾದಂಬರಿಯ ಕುರಿತೂ ಓದಿ ಮುಗಿಸಿದ ದಿನವೇ ಮಾತನಾಡುವುದನ್ನು ನಾನು ಬಿಟ್ಟುಬಿಟ್ಟಿದ್ದೇನೆ.

ಎಸ್. ಎಲ್. ಭೈರಪ್ಪನವರ ‘ಯಾನ’ವನ್ನು ಈ ದೃಷ್ಟಿಯಿಂದಲೇ ಮೊದಲು ಎತ್ತಿಕೊಳ್ಳುತ್ತೇನೆ. 2014ರಲ್ಲಿ ಪ್ರಕಟವಾದ ಈ ಕಾದಂಬರಿಯಲ್ಲಿ ಸೌರವ್ಯೂಹವನ್ನು ದಾಟಿ ಹೋಗುವ, ಮರಳಿ ಬರುವ ಮಾತೇ ಇಲ್ಲದ ನೌಕೆಯೊಂದಿದೆ. ಅದರೊಳಗೆ ಹುಟ್ಟಿ ಬೆಳೆದ ಆಕಾಶ ಮತ್ತು ಮೇದಿನಿ ಎಂಬ ಮಕ್ಕಳು, ಭೂಮಿಯನ್ನು ಕಣ್ಣಾರೆ ಕಂಡರಿಯದೆ, ತಾಯಿ ಉತ್ತರೆಯೂ ತಂದೆ ಸುದರ್ಶನನೂ ಬರೆದಿಟ್ಟ ಕಥನಗಳನ್ನು ಓದುತ್ತ ತಮ್ಮ ಜನ್ಮದ ವೃತ್ತಾಂತವನ್ನು ತಿಳಿಯುತ್ತಾರೆ. ನೌಕೆಯ ಇಂಧನ, ವೇಗ, ಆಹಾರೋತ್ಪತ್ತಿ ಮುಂತಾದ ವಿವರಗಳಿಗಾಗಿ ಕರ್ತೃವು ಪಟ್ಟಿರುವ ಶ್ರಮವು ಪುಟಪುಟದಲ್ಲಿಯೂ ಗೋಚರವಾಗುತ್ತದೆ. ಆದರೆ ನನ್ನ ಮನಸ್ಸಿನಲ್ಲಿ ಮೊದಲು ಕುಗ್ಗಿದ್ದು ಆ ಭಾಗವೇ. ನಮಗೆ ಅತ್ಯಂತ ಸಮೀಪದ ನಕ್ಷತ್ರವು ಸುಮಾರು 4.24 ಜ್ಯೋತಿರ್ವರ್ಷ ದೂರದಲ್ಲಿದೆ. 1977ರಲ್ಲಿ ಹೊರಟ ವಾಯೇಜರ್-1 ಸೆಕೆಂಡಿಗೆ ಸುಮಾರು 17 ಕಿಲೋಮೀಟರುಗಳಂತೆ ಓಡುತ್ತಿದ್ದರೂ, ಅಷ್ಟು ದೂರವನ್ನು ಕ್ರಮಿಸಲು ಅದಕ್ಕೆ 70,000 ವರ್ಷಗಳಿಗೂ ಹೆಚ್ಚು ಕಾಲ ಬೇಕು. ಇಷ್ಟು ಗಣಿತ ಬಲ್ಲ ಓದುಗನಿಗೆ ಯಾವ ಕಾದಂಬರಿಕಾರನ ನೌಕೆಯೂ ಪೂರ್ಣ ತೃಪ್ತಿಯನ್ನು ಕೊಡಲಾರದು. ಕೊಡಬೇಕೆಂದು ಬಯಸುವುದೂ ಸಲ್ಲದು.

ಹಾಗಿದ್ದರೆ ‘ಯಾನ’ದಲ್ಲಿ ತಣಿದ ಮೇಲೆಯೂ ಉಳಿದದ್ದು ಯಾವುದು? ಒಂದೇ ಲೋಹದ ಸೂರಿನ ಕೆಳಗೆ, ಒಬ್ಬರಿಂದೊಬ್ಬರು ತಪ್ಪಿಸಿಕೊಂಡು ಹೋಗಲು ಬ್ರಹ್ಮಾಂಡದಲ್ಲಿ ಬೇರೆ ಸ್ಥಳವೇ ಇಲ್ಲದಿರುವಾಗ, ಗಂಡಹೆಂಡಿರು ಮಾತುಬಿಟ್ಟು ಬೇರೆಬೇರೆಯಾಗಿ ಬಾಳುವ ಆ ಮೌನವು ಉಳಿಯಿತು. ಹಳೆಯ ವಾಡೆಗಳಲ್ಲಿ, ನಡುವೆ ಗೋಡೆಯೆತ್ತಿಕೊಂಡ ಅಣ್ಣತಮ್ಮಂದಿರ ಮನೆಗಳಲ್ಲಿ, ಇಂಥ ಮೌನವನ್ನು ನಾನು ಕಂಡವನೇ ಆದುದರಿಂದ, ಆಕಾಶಯಾನದ ನಡುವೆ ಅದು ಎದುರಾದಾಗ ನನಗೆ ಗಗನವು ಒಮ್ಮೆಲೆ ಪರಿಚಿತವಾಯಿತು. ಉತ್ತರೆಗೆ ಆದ ವಂಚನೆಯೂ, ಮಕ್ಕಳ ಮುಂದೆ ನಿಂತಿರುವ ಧರ್ಮಸಂಕಟವೂ, ಭೂಮಿಯ ನ್ಯಾಯವು ಭೂಮಿಯಿಲ್ಲದ ಕಡೆಯಲ್ಲಿ ಎಷ್ಟರಮಟ್ಟಿಗೆ ನಡೆದೀತೆಂಬ ಪ್ರಶ್ನೆಯೂ ಇಂದಿಗೂ ನನ್ನನ್ನು ಬಿಟ್ಟಿಲ್ಲ. ಪಾತ್ರಗಳು ಕೆಲವೆಡೆ ಮಾತನಾಡುವುದನ್ನು ಬಿಟ್ಟು ವಾದ ಮಂಡಿಸುತ್ತವೆಯೆಂಬ ಆಕ್ಷೇಪವು ನನಗೂ ಸಮ್ಮತವೇ. ಭೈರಪ್ಪನವರ ಅಭಿಮಾನಿಗಳು ಇದನ್ನು ಗುಣವೆಂದೇ ಎಣಿಸುವುದುಂಟು, ನಾನು ಎಣಿಸಲಾರೆ.

ನಮ್ಮ ಮಾಳಿಗೆಯ ಕೋಣೆಯಲ್ಲಿ ಬಾಡಿಗೆಗಿರುವ ಬೀದರದ ಹುಡುಗನೊಬ್ಬನು, ವಿಶ್ವವಿದ್ಯಾಲಯದಲ್ಲಿ ಓದುತ್ತಿರುವವನು, “ಕಾಕಾ, ಇದನ್ನೊಮ್ಮೆ ಓದಿ ನೋಡ್ರಿ, ಆಮ್ಯಾಲ ನಿಮ್ಮ ಫೌಂಡ್ರಿ ಲೆಕ್ಕ ಹೇಳ್ರಿ” ಎಂದು ಚೀನದ ಲಿಯು ಸಿಷಿನ್ ಬರೆದ ‘ದಿ ತ್ರೀ ಬಾಡಿ ಪ್ರಾಬ್ಲಮ್’ ಕಾದಂಬರಿಯ ಇಂಗ್ಲಿಷ್ ಅನುವಾದವನ್ನು ತಂದಿತ್ತನು. ಲೇಖಕನು ವಿದ್ಯುತ್ ಸ್ಥಾವರವೊಂದರಲ್ಲಿ ಎಂಜಿನಿಯರನಾಗಿದ್ದವನೆಂದು ತಿಳಿದಾಗ ನನಗೆ ಸಹಜವಾಗಿಯೇ ಸಲಿಗೆಯುಂಟಾಯಿತು. ಮೂರು ಸೂರ್ಯರ ನಡುವೆ ಸಿಕ್ಕಿ ಬೇಯುವ ಪ್ರಪಂಚದ ಕಲ್ಪನೆಯು ಅಸಾಧಾರಣವಾದುದೇನೋ ನಿಜ. 2015ರಲ್ಲಿ ಅದಕ್ಕೆ ಹ್ಯೂಗೋ ಪ್ರಶಸ್ತಿ ದೊರೆತದ್ದೂ ನ್ಯಾಯವೇ. ಆದರೆ ಸಾಂಸ್ಕೃತಿಕ ಕ್ರಾಂತಿಯ ಉನ್ಮಾದದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕನೊಬ್ಬನನ್ನು ಮಗಳ ಕಣ್ಣೆದುರಿಗೇ ಹೊಡೆದು ಕೊಲ್ಲುವ ಸನ್ನಿವೇಶವಿಲ್ಲದಿದ್ದರೆ, ಆ ಮಗಳು ಮುಂದೆ ಅನ್ಯಲೋಕದವರಿಗೆ ಕಳುಹಿಸುವ ಕರೆಯನ್ನು ನಾನು ನಂಬುತ್ತಿರಲಿಲ್ಲ. ಮನುಷ್ಯಕುಲದ ಮೇಲೆ ಅವಳಿಗೆ ಜಿಗುಪ್ಸೆ ಹುಟ್ಟಿದ್ದು ಇತಿಹಾಸದಿಂದ. ನಕ್ಷತ್ರಗಳು ಬಂದದ್ದು ಆಮೇಲೆ. ಹುಡುಗನಿಗೆ ಈ ಮಾತು ರುಚಿಸಲಿಲ್ಲ.

‘ಮನು’ ಎಂಬ ಕಾವ್ಯನಾಮದ ಲೇಖಕರ ‘ಮಹಾಸಂಪರ್ಕ’ವನ್ನು ತಾರುಣ್ಯದಲ್ಲಿ ಓದಿ ಅನೇಕರಂತೆ ನಾನೂ ಬೆರಗಾಗಿದ್ದವನು. ಮಹಾಭಾರತದ ದೇವತೆಗಳು ಪರಲೋಕದಿಂದ ಬಂದ ಬುದ್ಧಿಜೀವಿಗಳೆಂದೂ, ಅಸ್ತ್ರಗಳೂ ಜನನದ ವೈಚಿತ್ರ್ಯಗಳೂ ಅವರ ವಿಜ್ಞಾನದ ಫಲಗಳೆಂದೂ ಊಹಿಸಿ, ವ್ಯಾಸರ ಕಥೆಯನ್ನು ಆದ್ಯಂತವಾಗಿ ಮರುಹೆಣೆಯುವ ಸಾಹಸವದು. ಇಂಥದೇ ವಾದದಿಂದ 1968ರಲ್ಲಿ ಎರಿಕ್ ಫಾನ್ ಡಾನಿಕೆನ್ ಎಬ್ಬಿಸಿದ ಗದ್ದಲದ ಗಾಳಿ ಆಗಿನ್ನೂ ಬೀಸುತ್ತಿತ್ತು. ಈಗ ಮತ್ತೆ ಓದಿದಾಗಲೂ ಅದರ ಹೆಣಿಗೆಯ ಜಾಣ್ಮೆಗೆ ತಲೆದೂಗಿದೆನು. ಆದರೂ ಒಂದು ಅತೃಪ್ತಿಯು ಉಳಿಯಿತು, ಅದನ್ನು ನನ್ನ ಶ್ರೀಮತಿಯು ನನಗಿಂತ ಚೆನ್ನಾಗಿ ಹೇಳಿದಳು. ಕಥೆಯ ಸಾರಾಂಶವನ್ನು ಕೇಳಿದ ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸದೆಯೇ, “ದೇವರು ಬರಾಕ ಗಾಡಿ ಯಾಕ ಬೇಕ್ರೀ?” ಎಂದಳು. ಅದ್ಭುತಕ್ಕೆ ಯಂತ್ರದ ಕಾರಣವನ್ನು ಒದಗಿಸಿದಾಗ ಅದ್ಭುತವು ಹಿಗ್ಗುವುದಿಲ್ಲ, ಕಿರಿದಾಗುತ್ತದೆ. ಕರ್ಣನ ಕವಚವು ಪ್ರಯೋಗಶಾಲೆಯಿಂದ ಬಂದ ವಸ್ತುವಾದರೆ ಅದನ್ನು ಸುಲಿದುಕೊಟ್ಟ ಆತನ ದಾನದಲ್ಲಿ ನಮಗೆ ಮೈನವಿರೇಳಿಸುವಂಥದು ಎಷ್ಟು ಉಳಿದೀತು? ಕುಲಗೋಡದ ಪಾರಿಜಾತದ ಆಟವನ್ನು ಬೆಳತನಕ ಕೂತು ನೋಡುವ ನಮ್ಮ ಹಳ್ಳಿಗರು, ಸ್ವರ್ಗದ ಗಿಡವು ದ್ವಾರಕೆಯ ಮಣ್ಣಿನಲ್ಲಿ ಬೇರು ಬಿಡುವುದು ಹೇಗೆಂದು ಕೇಳಿದವರಲ್ಲ. ಸತ್ಯಭಾಮೆಯ ಸಿಟ್ಟು ನಿಜವೇ ಎಂಬುದಷ್ಟೇ ಅವರ ಪರೀಕ್ಷೆ.

ಈ ಪರೀಕ್ಷೆಯಲ್ಲಿ ಪೂರ್ಣ ಅಂಕಗಳನ್ನು ಪಡೆಯುವ ಕೃತಿ, ನನ್ನ ಮಟ್ಟಿಗೆ, ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೋ’. 1980ರಲ್ಲಿ ಬಂದ ಈ ಪುಟ್ಟ ಕಾದಂಬರಿಯನ್ನು ವೈಜ್ಞಾನಿಕ ಕಾದಂಬರಿಗಳ ಸಾಲಿಗೆ ಸೇರಿಸಕೂಡದೆಂದು ವಾದಿಸುವವರಿದ್ದಾರೆ. ಸೇರಿಸದೆ ಹೋದರೆ ಆ ಸಾಲಿಗೇ ನಷ್ಟವೆಂದು ನಾನು ತಿಳಿದಿದ್ದೇನೆ. ಯುಗಯುಗಾಂತರಗಳ ಹಿಂದಿನಿಂದ ಉಳಿದುಬಂದ ಹಾರುವ ಓತಿಯನ್ನು ಹುಡುಕಹೊರಟ ಈ ಕಥೆಯು ಆರಂಭವಾಗುವುದು ಎಲ್ಲಿ? ಮೂಡಿಗೆರೆಯ ಜೇನು ಸೊಸೈಟಿಯಲ್ಲಿ. ಜೇನುಹುಳುಗಳ ನಡವಳಿಕೆ, ಬೇಸಾಯದ ಬೇಸರ, ಮಂದಣ್ಣನ ಮದುವೆಯ ಹಂಬಲ, ಕಳ್ಳಬಟ್ಟಿಯ ಪ್ರಕರಣ, ಕಿವಿಯೆಂಬ ನಾಯಿಯ ಹುಚ್ಚಾಟ, ಇವೆಲ್ಲವೂ ಕೂದಲೆಳೆಯಷ್ಟೂ ಸುಳ್ಳಾಗದಂತೆ ಬಂದಿರುವುದರಿಂದ, ಕಾಡಿನ ಆಳದಲ್ಲಿ ಕೊನೆಗೊಮ್ಮೆ ಆ ಓತಿಯು ಕಾಣಿಸಿಕೊಂಡಾಗ ಅದನ್ನು ಅಲ್ಲಗಳೆಯಲು ನಮ್ಮ ಬಳಿ ಕಾರಣವೇ ಉಳಿದಿರುವುದಿಲ್ಲ. ಅದು ಕೈಗೆ ಸಿಕ್ಕದೆ ಕಣಿವೆಯೊಳಗೆ ತೇಲಿಹೋಗುತ್ತದೆಂಬುದೂ ಲೇಖಕರ ವಿವೇಕವೇ ಸರಿ. ದೊಡ್ಡ ವಿಜ್ಞಾನಿಯಾದ ಕರ್ವಾಲೋ ಅವರಿಗೆ ಹಳ್ಳಿಯ ಉಂಡಾಡಿಯಾದ ಮಂದಣ್ಣನ ಕಣ್ಣು ಬೇಕಾಗುವುದನ್ನು ಕಲ್ಪನೆಯೆಂದು ಕೆಲವರು ನಗಬಹುದು. ಖಾನಾಪುರ ತಾಲೂಕಿನವರು ನಗಲಾರರು. ಇಲ್ಲಿಂದ ಬಹುದೂರವೇನಿಲ್ಲದ ತಳೇವಾಡಿಯ ಹತ್ತಿರ, ಭೀಮಗಡದ ಕಾಡಿನ ಬಾರಾಪೆಡೆ ಗುಹೆಗಳಲ್ಲಿ, ರಾಟನ್ ಎಂಬವನ ಹೆಸರು ಹೊತ್ತ ಬಾವಲಿಯೊಂದಿದೆ. 1913ರಲ್ಲಿ ಓಲ್ಡ್‌ಫೀಲ್ಡ್ ಥಾಮಸ್ ಎಂಬ ಪ್ರಾಣಿಶಾಸ್ತ್ರಜ್ಞನು ಅದನ್ನು ಲೋಕಕ್ಕೆ ವರ್ಣಿಸಿದ ಬಳಿಕ, ಮುಂದೆ ಮೇಘಾಲಯದಲ್ಲಿಯೂ ಕಾಂಬೋಡಿಯದಲ್ಲಿಯೂ ಕಾಣಸಿಗುವವರೆಗೆ, ಭೂಮಂಡಲದಲ್ಲೆಲ್ಲ ಅದಕ್ಕೆ ಇದೊಂದೇ ಮನೆಯೆಂದು ನಂಬಲಾಗಿತ್ತು. ಆ ಗುಹೆಯ ದಾರಿಯನ್ನು ಮೊದಲಿನಿಂದ ಬಲ್ಲವರು ಆ ಕಾಡಿನ ಜನರಲ್ಲದೆ ಬೇರೆ ಯಾರಿದ್ದಾರು? ನಮ್ಮ ಬಸ್ಸು ಓಡಾಡುವ ತಾಲೂಕಿನಲ್ಲಿಯೇ ಇಂಥದೊಂದು ಜೀವವು ತಲೆಕೆಳಗಾಗಿ ನೇತಾಡುತ್ತಿರುವಾಗ, ‘ಕರ್ವಾಲೋ’ ನನಗೆ ಕಾದಂಬರಿಗಿಂತ ನೆರೆಹೊರೆಯ ಸುದ್ದಿಯಂತೆಯೇ ತೋರುತ್ತದೆ.

ಅದ್ಭುತ ಕಥಾನಕವೆಂದರೆ ಡ್ರ್ಯಾಗನ್ನೂ ಮಂತ್ರದಂಡವೂ ಎಂದು ಭಾವಿಸಿರುವ ಮಾಳಿಗೆಯ ಹುಡುಗನಿಗೆ, ಪುಸ್ತಕದ ಋಣವನ್ನು ತೀರಿಸಲೆಂದು, ಚಂದ್ರಶೇಖರ ಕಂಬಾರರ ‘ಶಿಖರಸೂರ್ಯ’ವನ್ನು ಕೊಟ್ಟೆನು. ನಮ್ಮ ಜಿಲ್ಲೆಯ ಘೋಡಗೇರಿಯಲ್ಲಿ ಹುಟ್ಟಿ, ಬೆಳಗಾವಿಯಲ್ಲಿ ಕಲಿತು, 2010ನೆಯ ಸಾಲಿನ ಜ್ಞಾನಪೀಠವನ್ನು ಪಡೆದ ಕಂಬಾರರು ಶಿವಾಪುರವೆಂಬ ಊರನ್ನು ಕಟ್ಟಿ ಅದರಲ್ಲಿಯೇ ಆಯುಷ್ಯವಿಡೀ ಕಥೆ ಹೇಳಿದವರು. ವಿದ್ಯೆಯನ್ನು ಶುಶ್ರೂಷೆಗಾಗಿ ಇಟ್ಟುಕೊಂಡ ಶಿವಾಪುರ, ವಿದ್ಯೆಯನ್ನು ಅಧಿಕಾರಕ್ಕಾಗಿ ಬಯಸುವ ಕನಕಪುರಿ, ಇವುಗಳ ನಡುವೆ ಏರಿ ಬೀಳುವ ಒಬ್ಬ ಮಹತ್ವಾಕಾಂಕ್ಷಿ, ಇಷ್ಟರಲ್ಲಿ ಇಂದಿನ ಯಂತ್ರವಿದ್ಯೆಯ ವ್ಯಾಜ್ಯವೆಲ್ಲ ಅಡಗಿದೆ. ಗಾತ್ರದಲ್ಲಿ ಸ್ವಲ್ಪ ಸ್ಥೂಲವಾಯಿತೆಂಬುದನ್ನು ಒಪ್ಪುತ್ತೇನೆ. ನಡುಭಾಗದಲ್ಲಿ ನಾನು ಹಲವು ಸಲ ತೂಕಡಿಸಿದ್ದುಂಟು. ಆದರೆ ಅದರ ಭಾಷೆಗೆ ನಮ್ಮ ಕಡೆಯ ಮಣ್ಣಿನ ವಾಸನೆಯಿದ್ದು, ಅಲ್ಲಿಯ ಮಾಟಮಂತ್ರಗಳಿಗೆ ಯಾವ ವಿವರಣೆಯೂ ಬೇಕಾಗುವುದಿಲ್ಲ.

ಗಡಿಯವನಾದುದರಿಂದ ಮರಾಠಿಯ ಓದೂ ನನಗೆ ಸುಲಭಸಾಧ್ಯ. 1938ರಲ್ಲಿ ಕೊಲ್ಹಾಪುರದಲ್ಲಿ ಜನಿಸಿದ ಖಗೋಳವಿಜ್ಞಾನಿ ಜಯಂತ ನಾರಳೀಕರರು 2025ರ ಮೇ ತಿಂಗಳಲ್ಲಿ ತೀರಿಕೊಂಡ ವಾರ್ತೆಯನ್ನು ಓದಿದ ಮೇಲೆ ಅವರ ‘ವಾಮನ ಪರತ ನ ಆಲಾ’ವನ್ನು ಹುಡುಕಿ ತೆಗೆದೆನು. ತಮ್ಮ ಮೊದಲ ಕಥೆಯನ್ನು ಸ್ಪರ್ಧೆಗೆ ಕಳುಹಿಸುವಾಗ, ಕೀರ್ತಿಯ ಬಲದಿಂದ ಬಹುಮಾನ ಬರಕೂಡದೆಂದು ನಾರಾಯಣ ವಿನಾಯಕ ಜಗತಾಪ ಎಂಬ ಕಲ್ಪಿತ ಹೆಸರಿನ ಮರೆಯಲ್ಲಿ ನಿಂತ ಸಜ್ಜನರು ಅವರು. ಪುರಾತನ ನಾಗರಿಕತೆಯೊಂದು ನೆಲದಾಳದಲ್ಲಿ ಹುಗಿದಿಟ್ಟ ಜ್ಞಾನದಿಂದ ಯಂತ್ರಮಾನವನು ಹುಟ್ಟಿ, ವಾಮನನಂತೆ ಹೆಜ್ಜೆ ಬೆಳೆಸುವ ಆ ಕಥೆಯಲ್ಲಿ ತರ್ಕವು ಸ್ಫಟಿಕದಂತಿದೆ. ಪಾತ್ರಗಳು ಮಾತ್ರ ಪ್ರಯೋಗಶಾಲೆಯ ಸಹಾಯಕರಂತೆ ಬಂದು, ಕೆಲಸ ಮುಗಿಸಿ ಹೋಗುತ್ತವೆ. ಕೃತಕ ಬುದ್ಧಿಯ ಚರ್ಚೆಯು ಚಹಾದಂಗಡಿಗೂ ಇಳಿದುಬಂದಿರುವ ಈ ದಿನಗಳಲ್ಲಿ ಅದನ್ನು ಮತ್ತೆ ಓದಿಸಬೇಕು. ಕೆ. ಎನ್. ಗಣೇಶಯ್ಯನವರ ‘ಕನಕ ಮುಸುಕು’ ಇದಕ್ಕೆ ತದ್ವಿರುದ್ಧವಾದ ಸುಖವನ್ನು ಕೊಟ್ಟಿತು: ಹೊಯ್ಸಳರ 13ನೆಯ ಶತಮಾನದ ಶಿಲ್ಪದ ಕೈಯಲ್ಲಿ ಮೆಕ್ಕೆಜೋಳದ ತೆನೆ ಹೇಗೆ ಬಂತೆಂಬ ಸಂಶಯದ ಬೀಜವೊಂದನ್ನು ಬಿತ್ತಿ, ಆಧಾರಗಳನ್ನು ಎದುರಿಗಿಟ್ಟು, ಓದುಗನನ್ನೇ ಶೋಧಕನನ್ನಾಗಿಸುವ ಕಲೆ ಅವರದು. ಪುಸ್ತಕವನ್ನು ಮುಚ್ಚಿದ ಮೇಲೆ ಪಾತ್ರಗಳ ಹೆಸರು ಮರೆತುಹೋದವು, ತೆನೆ ಮರೆಯಲಿಲ್ಲ. ಕಾದಂಬರಿಯನ್ನು ಇತಿಹಾಸವೆಂದೇ ನಂಬಿ ವಾದಕ್ಕೆ ನಿಲ್ಲುವ ಮಿತ್ರರು ಬೆಳಗಾವಿಯಲ್ಲಿ ನನಗೆ ಕೆಲವರಿದ್ದಾರೆ, ಅದಕ್ಕೆ ಲೇಖಕರನ್ನು ಹೊಣೆಮಾಡುವುದು ಧರ್ಮವಲ್ಲ.

ಇಷ್ಟೆಲ್ಲ ಓದಿದ ಮೇಲೆ ನನಗೊಂದು ದುರಾಸೆ ಹುಟ್ಟಿದೆ. ಇದೇ ಹೆದ್ದಾರಿಯಲ್ಲಿ ಖಾನಾಪುರಕ್ಕೆ ಹೋಗಿ, ಜಾಂಬೋಟಿಯ ಮೇಲೆ ಹಾಯ್ದು ಕಣಕುಂಬಿಯನ್ನು ತಲುಪಿದರೆ ಅಲ್ಲಿ ಮಲಪ್ರಭೆಯ ಉಗಮವಿದೆ. ಅಲ್ಲಿಯ ಗುಡ್ಡದ ಏಣಿನ ಒಂದು ಮಗ್ಗುಲಿಗೆ ಬಿದ್ದ ಹನಿಯು ಕೃಷ್ಣೆಯನ್ನು ಸೇರಿ ಪೂರ್ವಸಮುದ್ರಕ್ಕೂ, ಇನ್ನೊಂದು ಮಗ್ಗುಲಿಗೆ ಬಿದ್ದದ್ದು ಮಹದಾಯಿಯನ್ನು ಸೇರಿ ಪಶ್ಚಿಮಸಮುದ್ರಕ್ಕೂ ಹೋಗುತ್ತದೆ. 2018ರಲ್ಲಿ ಮಹದಾಯಿ ಜಲವಿವಾದದ ನ್ಯಾಯಮಂಡಳಿಯು ಕರ್ನಾಟಕಕ್ಕೆ ಹಂಚಿದ 13.42 ಟಿಎಂಸಿ ಅಡಿ ನೀರಿನ ಕುರಿತು ಮೂರು ರಾಜ್ಯಗಳ ವಕೀಲರು ಬರೆದಿರುವಷ್ಟು ಪುಟಗಳಲ್ಲಿ ನೂರರಲ್ಲೊಂದು ಪಾಲನ್ನಾದರೂ ಒಬ್ಬ ಕಾದಂಬರಿಕಾರನು ಬರೆಯಬಾರದೇಕೆ? ಇನ್ನು ನೂರು ವರ್ಷಗಳ ತರುವಾಯ ಆ ಏಣಿನ ಮೇಲೆ ಮಳೆ ಬೀಳುವ ರೀತಿಯೇ ಬದಲಾಗಿ, ಹಂಚಿಕೊಳ್ಳಲು ನೀರಿಲ್ಲದೆ ಬರಿಯ ಅಂಕಿಗಳು ಉಳಿದಿರುವ ಕಾಲವನ್ನು ಯಾರಾದರೂ ಕನ್ನಡದಲ್ಲಿ ಕಲ್ಪಿಸಿ ಬರೆದರೆ, ಮುದ್ರಣಕ್ಕೆ ಮುಂಚೆಯೇ ಹಣ ಕಟ್ಟಿ ಪ್ರತಿಯನ್ನು ಕಾದಿರಿಸಲು ನಾನು ಸಿದ್ಧನಿದ್ದೇನೆ. ಒಂದೇ ಕರಾರು: ಕಥಾನಾಯಕನು ಬೆಂಗಳೂರಿನಿಂದಲೋ ಅಮೆರಿಕದಿಂದಲೋ ವಿಮಾನದಲ್ಲಿ ಬಂದಿಳಿಯಕೂಡದು, ಜಾಂಬೋಟಿಯ ಸ್ಟ್ಯಾಂಡಿನಲ್ಲಿ ಬಸ್ಸಿಗಾಗಿ ಕಾದು ನಿಂತವನಾಗಿರಬೇಕು.