ಬ್ಯಾಂಕ್ ಮೇಲ್ವಿಚಾರಣೆಯಲ್ಲಿ ಖ್ಯಾತಿ ಅಪಾಯ: ಪರೀಕ್ಷಾ ಟಿಪ್ಪಣಿ

1. ವ್ಯಾಖ್ಯೆ, ಸ್ಥಾನ: ಗ್ರಾಹಕರು, ಹೂಡಿಕೆದಾರರು ಮತ್ತು ನಿಯಂತ್ರಕರ ದೃಷ್ಟಿಯಲ್ಲಿ ಬ್ಯಾಂಕಿನ ಹೆಸರು ಕೆಟ್ಟು, ವ್ಯವಹಾರಕ್ಕೂ ಹಣದ ಮೂಲಕ್ಕೂ ಧಕ್ಕೆಯಾಗುವ ಸಾಧ್ಯತೆಯೇ ಖ್ಯಾತಿ ಅಪಾಯ. ಗೊಂದಲದ ಅಂಶ: ಬ್ಯಾಂಕ್ ಬಂಡವಾಳದ ಅಂತರರಾಷ್ಟ್ರೀಯ ಮಾನದಂಡವಾದ ಬಾಸೆಲ್-2ರ ಕಾರ್ಯಾಚರಣಾ ಅಪಾಯದ ವ್ಯಾಖ್ಯೆಯಲ್ಲಿ ಕಾನೂನು ಅಪಾಯ ಸೇರಿದೆ, ಖ್ಯಾತಿ ಅಪಾಯ ಸೇರಿಲ್ಲ. ಅದು 2ನೇ ಸ್ತಂಭದ, ಅಂದರೆ ಮೇಲ್ವಿಚಾರಣಾ ಪರಿಶೀಲನೆಯ ವಿಷಯ.

2. ವಾದ, ಆಕ್ಷೇಪ: ಅಮೆರಿಕದಲ್ಲಿ 2025ರ ಮಾರ್ಚ್‌ನಲ್ಲಿ ರಾಷ್ಟ್ರೀಯ ಬ್ಯಾಂಕುಗಳ ನಿಯಂತ್ರಕ ಸಂಸ್ಥೆ ಒಸಿಸಿ, ಜೂನ್‌ನಲ್ಲಿ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ ಖ್ಯಾತಿ ಅಪಾಯವನ್ನು ತಪಾಸಣೆಯಿಂದ ಕೈಬಿಡುವುದಾಗಿ ಪ್ರಕಟಿಸಿದವು. ಈ ನಿರ್ಧಾರ ಸರಿ. ಬಂಡವಾಳ, ದ್ರವ್ಯತೆಗಳಿಗಿರುವಂಥ ಅಳತೆಗೋಲು ಖ್ಯಾತಿಗಿಲ್ಲ. ಹಾಗಾಗಿ ಕಾನೂನುಬದ್ಧವಾಗಿ ವ್ಯವಹರಿಸುವ ಗ್ರಾಹಕರನ್ನೂ ದೂರವಿಡುವಂತೆ ಬ್ಯಾಂಕಿನ ಮೇಲೆ ಒತ್ತಡ ಹೇರಲು ಅದು ನೆಪವಾಗಬಲ್ಲದು. ನಂಬಿಕೆ ಕುಸಿದರೆ ಬ್ಯಾಂಕೇ ಮುಳುಗುವುದಿಲ್ಲವೇ ಎಂಬ ಆಕ್ಷೇಪಕ್ಕೆ ಬಲವಿದೆ: 2023ರ ಮಾರ್ಚ್ 9ರ ಒಂದೇ ದಿನ ಸಿಲಿಕಾನ್ ವ್ಯಾಲಿ ಬ್ಯಾಂಕಿನಿಂದ ಸುಮಾರು 4,200 ಕೋಟಿ ಡಾಲರ್ ಠೇವಣಿ ಹೊರಹೋಯಿತು. ಆದರೆ ಅದರ ಬೇರು ಬಡ್ಡಿದರ ಅಪಾಯ ಮತ್ತು ವಿಮೆಯಿಲ್ಲದ ಠೇವಣಿಗಳ ಆಧಿಕ್ಯದಲ್ಲಿತ್ತು. ಎರಡನ್ನೂ ಮೊದಲೇ ಅಳೆಯಬಹುದಿತ್ತು. ಮೇಲ್ವಿಚಾರಕರು ಕಾಯಬೇಕಾದದ್ದು ಆ ಬೇರನ್ನು.

3. ನೆನಪಿಡಿ: ಫೆಡರಲ್ ರಿಸರ್ವ್ ಕೈಬಿಟ್ಟದ್ದು ತನ್ನ ತಪಾಸಣೆಯ ಅಂಶವನ್ನು ಮಾತ್ರ, ಬ್ಯಾಂಕುಗಳು ತಮ್ಮ ಖ್ಯಾತಿ ಅಪಾಯವನ್ನು ತಾವೇ ನಿರ್ವಹಿಸಿಕೊಳ್ಳಲು ಅಡ್ಡಿಯಿಲ್ಲ.